ವರ್ಗಸಮ: ಒಂದು ಪದದ ಹುಡುಕಾಟ

(ಕಾರಡ್ಕದಲ್ಲಿ ನಮ್ಮ ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ಕನ್ನಡ ಪಂಡಿತನೊಬ್ಬನನ್ನು ವೇದಿಕೆಗೆ ಕರೆದರೆ ಅವನು ಪಂಪನನ್ನೋ ಕುಮಾರವ್ಯಾಸನನ್ನೋ ಹಿಡಿದುಕೊಂಡು ಅರ್ಧ ಗಂಟೆ ಕಳೆಯುವನೆಂದು ತಾವು ಎಣಿಸುವುದು ಸಹಜ. ನಾನು ಇಂದು ಗಣಿತದ ಮಾತನ್ನು ಆಡಹೊರಟಿದ್ದೇನೆ. ವಿದ್ವಾನ್ ಪರೀಕ್ಷೆಗೆ ಓದಿದವನಿಗೆ ಈ ಅಧಿಕಪ್ರಸಂಗ ಏಕೆ ಎಂದು ಕೇಳಿದರೆ ಉತ್ತರವಾಗಿ ಒಂದು ಕಥೆಯನ್ನೇ ಹೇಳಬೇಕಾಗುತ್ತದೆ. ನಮ್ಮ ಶಾಲೆಯ ಗಣಿತದ ಅಧ್ಯಾಪಕರು ಈ ಹಾಳೆಗಳನ್ನು ನೋಡಿ ಎರಡು ಕಡೆ ತಿದ್ದಿಕೊಟ್ಟಿದ್ದಾರೆ. ಇನ್ನೂ ಉಳಿದ ತಪ್ಪುಗಳಿದ್ದರೆ ಅವು ನನ್ನವು.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಹೊರಟ ಹುಡುಗನೊಬ್ಬ ಕಾಲೇಜಿಗೆ ಸೇರಿದ ಮೂರನೆಯ ತಿಂಗಳಿಗೆ ನನ್ನ ಮನೆಗೆ ಬಂದನು. ಗಣಿತವೆಂದರೆ ಅವನಿಗೆ ಪ್ರಾಣ. ಆದರೆ ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ. "ಮಾಷ್ಟ್ರೇ, ಈ ಶಬ್ದಗಳಿಗೆಲ್ಲ ಕನ್ನಡದಲ್ಲಿ ಏನು ಹೇಳುವುದು?" ಎಂದು ಒಂದು ಪಟ್ಟಿಯನ್ನು ಮುಂದಿಟ್ಟನು. ನಾನು ಪಟ್ಟಿಯನ್ನು ಸರಿಯಾಗಿ ಓದಲೂ ಇಲ್ಲ. "ಅದೆಲ್ಲ ಕನ್ನಡಕ್ಕೆ ಬರುವಂಥದ್ದಲ್ಲ. ಉರುಹಾಕಿ ಬಿಡು" ಎಂದು ಹೇಳಿ, ಕಾಪಿ ಕುಡಿಸಿ ಕಳುಹಿಸಿದೆನು. ಮೂವತ್ತು ವರ್ಷ ಕನ್ನಡದ ಅನ್ನ ತಿನ್ನಬೇಕಾದವನ ಬಾಯಿಂದ ಬಂದ ಮಾತು ಅದು. ಹುಡುಗ ಮರುಮಾತಾಡದೆ ಹೋದನು. ಆ ವರ್ಷ ಓದನ್ನು ಬಿಟ್ಟೇಬಿಡುವ ವಿಚಾರದಲ್ಲಿ ಅವನಿದ್ದನೆಂಬುದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ.

ಬಿಡಲಿಲ್ಲ. ಈಚೆಗೆ, ಸ್ನಾತಕೋತ್ತರ ಪದವಿಯನ್ನೂ ಮುಗಿಸಿ ಸಂಶೋಧನೆಗೆ ತೊಡಗಿದ ಮೇಲೆ, ರಜೆಯಲ್ಲಿ ಊರಿಗೆ ಬಂದವನು ಮತ್ತೆ ನಮ್ಮ ಜಗಲಿಗೆ ಬಂದನು. ಅಂಗಳದಲ್ಲಿ ಅಡಿಕೆ ಹರವಿತ್ತು. ಈ ಸಲ ಪಟ್ಟಿಯಲ್ಲಿದ್ದದ್ದು ಒಂದೇ ಶಬ್ದ: 'ಐಡೆಂಪೊಟೆಂಟ್'. "ಇದೊಂದಕ್ಕಾದರೂ ಕನ್ನಡ ಕೊಡಿ ಮಾಷ್ಟ್ರೇ" ಎಂದನು. ಹಳೆಯ ಮಾತನ್ನು ಅವನು ಎತ್ತಲಿಲ್ಲ. ಎತ್ತದಿದ್ದುದರಿಂದಲೇ ನನಗೆ ನಾಚಿಕೆಯಾಯಿತು. "ಅರ್ಥ ತಿಳಿಯದೆ ಪದ ಕಟ್ಟುವುದು ಹೇಗಯ್ಯಾ? ಮೊದಲು ಅರ್ಥ ಹೇಳು" ಎಂದೆನು. ಆ ಸಂಜೆ ಅವನು ಹೇಳಿದುದನ್ನೇ ನಾನು ತಮ್ಮ ಮುಂದೆ ಬಡಿಸುತ್ತಿದ್ದೇನೆ.

ಜರಡಿಯಲ್ಲಿ ಹಿಟ್ಟನ್ನು ಜಾಲಿಸುತ್ತೇವೆ. ತರಿ ಮೇಲೆ ಉಳಿಯುತ್ತದೆ, ನುಣುಪು ಕೆಳಗೆ ಬೀಳುತ್ತದೆ. ಕೆಳಗೆ ಬಿದ್ದುದನ್ನು ಅದೇ ಜರಡಿಯಲ್ಲಿ ಮತ್ತೊಮ್ಮೆ ಜಾಲಿಸಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ, ಅಷ್ಟೂ ಹಿಟ್ಟು ಹಾಗೆಯೇ ಇಳಿಯುತ್ತದೆ. ಒಮ್ಮೆ ಮಾಡಿದರೂ ಎರಡು ಸಲ ಮಾಡಿದರೂ ಫಲ ಒಂದೇ ಆಗಿರುವ ಇಂಥ ಕ್ರಿಯೆಗೆ ಈ ಹೆಸರು. ಅಂಕಿಗಳಲ್ಲಿ ಹೇಳುವುದಾದರೆ, ತನ್ನನ್ನು ತಾನೇ ಗುಣಿಸಿಕೊಂಡರೂ ತಾನಾಗಿಯೇ ಉಳಿಯತಕ್ಕದ್ದು. ನಾವು ಬಲ್ಲ ಅಂಕಿಗಳಲ್ಲಿ ಅಂಥವು ಎರಡೇ: ಸೊನ್ನೆ ಮತ್ತು ಒಂದು. ಹೆಸರನ್ನಿಟ್ಟವರು ಅಮೆರಿಕದ ಹಾರ್ವರ್ಡಿನಲ್ಲಿ ಅಧ್ಯಾಪಕರಾಗಿದ್ದ ಬೆಂಜಮಿನ್ ಪರ್ಸ್. ೧೮೭೦ರಲ್ಲಿ ಕಲ್ಲಚ್ಚಿನಲ್ಲಿ ನೂರೇ ಪ್ರತಿ ತೆಗೆಸಿದ ಒಂದು ಗ್ರಂಥದಲ್ಲಿ. ಲ್ಯಾಟಿನಿನಲ್ಲಿ 'ಇಡೆಮ್' ಎಂದರೆ ಅದೇ, 'ಪೊಟೆನ್ಸ್' ಎಂದರೆ ಶಕ್ತಿಯುಳ್ಳದ್ದು. ನಾನು ಆತುರದಿಂದ "ಸಮಶಕ್ತಿ" ಎಂದೆನು. ಹುಡುಗ ನಕ್ಕನು. "ಅದು ಇಬ್ಬರು ಜಟ್ಟಿಗಳಿಗೆ ಹೇಳುವ ಮಾತಾಯಿತು ಮಾಷ್ಟ್ರೇ." ಪದವನ್ನು ಅಲ್ಲಿಗೇ ಬಿಟ್ಟು ಮುಂದಕ್ಕೆ ಹೋದೆವು.

ಸೊನ್ನೆ, ಒಂದು ಬಿಟ್ಟು ಬೇರೆ ಇಲ್ಲವೆಂದಮೇಲೆ ಇದಕ್ಕೊಂದು ಶಾಸ್ತ್ರವೇಕೆ? ಬೇರೆಡೆಯಲ್ಲಿ ಬಹಳ ಸಿಗುತ್ತವೆ ಎಂಬುದೇ ಕಾರಣ. ಆ ಬೇರೆಡೆ ಯಾವುದೆಂದು ತಿಳಿಯಲು 'ಕಮಲ' ಎಂಬ ಮೂರಕ್ಷರದ ಪದವನ್ನು ತೆಗೆದುಕೊಳ್ಳಿ. ಛಂದಸ್ಸಿನಲ್ಲಿ ಪ್ರಸ್ತಾರ ಹಾಕಿ ಅಭ್ಯಾಸವಿದ್ದವರಿಗೆ ಇದು ಹೊಸತಲ್ಲ. ಮೂರು ಅಕ್ಷರಗಳನ್ನು ಆರು ಬಗೆಯಲ್ಲಿ ಸಾಲಾಗಿ ಇಡಬಹುದು: ಕಮಲ, ಕಲಮ, ಮಕಲ, ಮಲಕ, ಲಕಮ, ಲಮಕ. ಇಂಥ ಎಣಿಕೆಗಳು ನಮ್ಮ ನಾಡಿಗೆ ಹಳೆಯವು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬುದಕ್ಕೆ ಸಾಮಾನ್ಯ ಸೂತ್ರವನ್ನೇ 'ಗಣಿತಸಾರಸಂಗ್ರಹ'ದಲ್ಲಿ ಕೊಟ್ಟಿದ್ದಾನೆ. ಅದು ಸಂಸ್ಕೃತ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನು ಬರೆದನು. ಈ ಹೆಸರನ್ನು ಎಷ್ಟು ಸಲ ತರಗತಿಯಲ್ಲಿ ಹೇಳಿಲ್ಲ ನಾನು! ಸಾಹಿತ್ಯ ಚರಿತ್ರೆಯ ಎರಡು ಅಂಕದ ಪ್ರಶ್ನೆಗೆ ಉತ್ತರವಾಗಿ ಹೇಳಿದ್ದೇನೆ, ಅಷ್ಟೆ.

ಈಗ ಅಕ್ಷರಗಳನ್ನಲ್ಲ, ಅಕ್ಷರಗಳ ಅದಲುಬದಲನ್ನು ನೋಡೋಣ. ಮೊದಲ ಎರಡು ಸ್ಥಾನಗಳನ್ನು ಅದಲುಬದಲು ಮಾಡುವುದಕ್ಕೆ 'ಅ' ಎನ್ನೋಣ, ಕೊನೆಯ ಎರಡನ್ನು ಮಾಡುವುದಕ್ಕೆ 'ಇ'. ಕಮಲಕ್ಕೆ ಮೊದಲು 'ಅ' ಮಾಡಿದರೆ ಮಕಲ, ಅದರ ಮೇಲೆ 'ಇ' ಮಾಡಿದರೆ ಮಲಕ. ತಿರುಗಿಸಿ ಮಾಡಿ. ಮೊದಲು 'ಇ': ಕಲಮ. ಆಮೇಲೆ 'ಅ': ಲಕಮ. ಫಲ ಬೇರೆಯಾಯಿತು! ಮೂರು ಗುಣಿಸು ಐದಾದರೂ ಐದು ಗುಣಿಸು ಮೂರಾದರೂ ಹದಿನೈದೇ. ಇಲ್ಲಿ ಹಾಗಲ್ಲ, ಯಾವುದು ಮೊದಲು ಎಂಬುದೇ ಮುಖ್ಯ. ಕನ್ನಡಿಗರಿಗೆ ಇದರಲ್ಲಿ ಆಶ್ಚರ್ಯಪಡತಕ್ಕದ್ದೇನಿದೆ? ಅರಸನ ಮನೆ ಬೇರೆ, ಮನೆಯ ಅರಸ ಬೇರೆ.

ಏನೂ ಮಾಡದಿರುವುದನ್ನೂ ಸೇರಿಸಿ ಇಂಥ ಅದಲುಬದಲುಗಳು ಆರು. ಯಾವ ಎರಡನ್ನು ಒಂದರ ಮೇಲೊಂದು ಮಾಡಿದರೂ ಆರರಲ್ಲೇ ಒಂದಾಗುತ್ತದೆ; ಮಾಡಿದ ಪ್ರತಿಯೊಂದನ್ನೂ ಹಿಂದಕ್ಕೆ ತಿರುಗಿಸುವಂಥದ್ದೂ ಅವುಗಳಲ್ಲೇ ಇದೆ. ಹೀಗೆ ಹೊರಗಿನ ಹಂಗಿಲ್ಲದೆ ತಮ್ಮತಮ್ಮಲ್ಲೇ ಮುಗಿಯುವ ಕ್ರಿಯೆಗಳ ಬಳಗಕ್ಕೆ ಇಂಗ್ಲಿಷಿನಲ್ಲಿ ಗ್ರೂಪ್ ಎನ್ನುತ್ತಾರೆ. ತಾಳಮದ್ದಳೆಯ ನಾಡಿನವನಾದ ನಾನು ಅದನ್ನು 'ಕೂಟ' ಎಂದು ಕರೆದೆ, ಹುಡುಗ ಒಪ್ಪಿದನು. ಹಿಂದುಮುಂದು ಮಾಡಿದರೂ ಫಲ ಕೆಡದ ಕೂಟಗಳಿಗೆ ನಾರ್ವೆಯ ಆಬೆಲ್ ಎಂಬವರ ಹೆಸರು ಸಂದಿದೆ. ೧೮೨೯ರಲ್ಲಿ, ಇಪ್ಪತ್ತಾರರ ಪ್ರಾಯದಲ್ಲಿ ತೀರಿಕೊಂಡವರು. ಕಮಲದ ಕೂಟ ಆಬೆಲರ ಕೂಟವಲ್ಲ. ಅಂಥವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಇದೇ.

ಮುಂದಿನ ಹೆಜ್ಜೆಗೆ ಅಂಗಳದಲ್ಲಿದ್ದ ಅಡಿಕೆ ನೆರವಾಯಿತು. ಅಕ್ಷರಗಳ ಜಾಗದಲ್ಲಿ ಅಣ್ಣತಮ್ಮಂದಿರ ಅಡಿಕೆಯ ರಾಶಿಗಳಿವೆ ಎನ್ನಿ. ಮೊದಲು ಇಬ್ಬರೇ ಇರಲಿ. ಅಣ್ಣನಲ್ಲಿ ೬೦ ಕಿಲೊ, ತಮ್ಮನಲ್ಲಿ ೪೦. ರಾಶಿಗಳನ್ನು ಪೂರ್ತಿ ಅದಲುಬದಲು ಮಾಡದೆ, ಅರ್ಧ ಪಾಲು ಇದ್ದಲ್ಲೇ ಇರಲಿ, ಅರ್ಧ ಪಾಲು ಅದಲುಬದಲಾಗಲಿ. ಇಬ್ಬರಿಗೂ ೫೦ ಆಯಿತು. ಅದನ್ನೇ ಮತ್ತೊಮ್ಮೆ ಮಾಡಿದರೆ? ೫೦, ೫೦. ಜರಡಿ ಸಿಕ್ಕಿತು ನೋಡಿ! 'ಏನೂ ಮಾಡದಿರುವುದು' ಮತ್ತು 'ಅ' ಎಂಬ ಎರಡು ಕ್ರಿಯೆಗಳನ್ನು ಕೂಡಿಸಿ ಅರ್ಧ ಮಾಡಿದ್ದೇವೆ. ಹೀಗೆ ಕೂಟದ ಕ್ರಿಯೆಗಳನ್ನು ಅಂಕಿಗಳಿಂದ ತೂಗಿ, ಕೂಡಿಸಿ, ಕಳೆದು, ಗುಣಿಸಿ ಬಳಸುವುದೇ ಆ ಕೂಟದ ಬೀಜಗಣಿತ.

ಕೂಡಿಸುವ ಬದಲು ಕಳೆದರೆ ಇನ್ನೊಂದು ಜರಡಿ ದೊರೆಯುತ್ತದೆ. ತನ್ನದರ ಅರ್ಧದಿಂದ ಇನ್ನೊಬ್ಬನದರ ಅರ್ಧವನ್ನು ಕಳೆಯುವುದು. ಅಣ್ಣನಿಗೆ ೧೦, ತಮ್ಮನಿಗೆ ಋಣ ೧೦. ಮತ್ತೊಮ್ಮೆ ಮಾಡಿ, ಹಾಗೆಯೇ ನಿಲ್ಲುತ್ತದೆ. ಮೊದಲನೆಯದು ಇಬ್ಬರಲ್ಲಿ ಸಮಾನವಾದುದನ್ನು ಹಿಡಿಯುತ್ತದೆ, ಎರಡನೆಯದು ಅವರ ನಡುವಣ ವ್ಯತ್ಯಾಸವನ್ನು. ೫೦ಕ್ಕೆ ೧೦ ಕೂಡಿಸಿದರೆ ಅಣ್ಣನ ೬೦, ೫೦ರಲ್ಲಿ ೧೦ ಕಳೆದರೆ ತಮ್ಮನ ೪೦. ಏನೂ ಕಳೆದುಹೋಗಿಲ್ಲ. ಒಂದರ ಮೇಲೆ ಇನ್ನೊಂದನ್ನು ಮಾಡಿದರೆ ಮಾತ್ರ ಕೈಗೆ ಸಿಗುವುದು ಬರೀ ಸೊನ್ನೆ. ಒಂದು ಹಿಡಿದುದರಲ್ಲಿ ಇನ್ನೊಂದಕ್ಕೆ ಪಾಲಿಲ್ಲ. ಇಂಥ ಕ್ರಿಯೆಗಳಿಂದ ಗಣಿತಜ್ಞರಿಗಿರುವ ಪ್ರಯೋಜನ ಇದೇ: ಕಲಸಿಹೋಗಿರುವುದನ್ನು ನಷ್ಟವಿಲ್ಲದೆ ಬಿಡಿಸಿ ಬೇರೆಬೇರೆ ಮಾಡುವುದು.

ಇಲ್ಲಿಗೆ ಬಂದಾಗ ನನಗೆ ಪದ ಹೊಳೆಯಿತು. "ತನ್ನ ವರ್ಗಕ್ಕೆ ತಾನೇ ಸಮ. ವರ್ಗಸಮ!" ಎಂದೆನು. ಹುಡುಗ ಯೋಚಿಸಿದನು. "ಘನವನ್ನು ತೆಗೆದರೂ ಅದೇ ಬರುತ್ತದಲ್ಲ ಮಾಷ್ಟ್ರೇ, ನಾಲ್ಕನೆಯ ಘಾತವೂ ಅದೇ." "ವರ್ಗ ಸಮವಾದರೆ ಉಳಿದವು ತಾವಾಗಿಯೇ ಸಮವಾಗುತ್ತವೆಯೋ ಇಲ್ಲವೋ?" "ಆಗುತ್ತವೆ." "ಮತ್ತೆ ಪದದಲ್ಲಿ ಅವನ್ನೆಲ್ಲ ಏಕೆ ತುರುಕುವುದು? ಸೂತ್ರವೆಂದರೆ ಅಲ್ಪಾಕ್ಷರವಾಗಿರಬೇಕು." ವ್ಯಾಕರಣ ಓದಿದ್ದಕ್ಕೆ ಅಂದು ಒಂದು ಉಪಯೋಗವಾಯಿತು.

ಇನ್ನು ಮೂವರು ಅಣ್ಣತಮ್ಮಂದಿರ ವಿಷಯ. ಈ ಭಾಗವನ್ನು ಸ್ವಲ್ಪ ಸಾವಧಾನವಾಗಿ ಕೇಳಬೇಕೆಂದು ಅರಿಕೆ. ಹಿರಿಯನಲ್ಲಿ ೬೪ ಕಿಲೊ, ನಡುವಿನವನಲ್ಲಿ ೩೨, ಕಿರಿಯನಲ್ಲಿ ಸೊನ್ನೆ. ಪಂಚಾಯಿತಿಗೆ ಬಂದ ಒಬ್ಬರು ಹೇಳಿದರು: ಮೊದಲಿಬ್ಬರು ಸಮ ಮಾಡಿಕೊಳ್ಳಲಿ, ಆಮೇಲೆ ಕೊನೆಯಿಬ್ಬರು ಸಮ ಮಾಡಿಕೊಳ್ಳಲಿ. ಮೊದಲಿಬ್ಬರು ೪೮, ೪೮ ಆದರು. ಬಳಿಕ ಕೊನೆಯಿಬ್ಬರು ೨೪, ೨೪. ಫಲ: ೪೮, ೨೪, ೨೪. ಇನ್ನೊಬ್ಬರೆಂದರು: ಅಲ್ಲ, ಕೊನೆಯಿಬ್ಬರು ಮೊದಲು ಮಾಡಲಿ. ಆಗ ೬೪, ೧೬, ೧೬. ಬಳಿಕ ೪೦, ೪೦, ೧೬. ಅದೇ ಎರಡು ಸಮಪಾಲುಗಳು, ಅದೇ ಅಡಿಕೆ. ಕಿರಿಯನಿಗೆ ಒಂದರಲ್ಲಿ ೨೪, ಇನ್ನೊಂದರಲ್ಲಿ ೧೬! ಪ್ರತಿಯೊಂದು ಪಾಲೂ ಬಿಡಿಯಾಗಿ ವರ್ಗಸಮವೇ. ಆದರೆ ಎರಡನ್ನು ಜೋಡಿಸಿದುದು ವರ್ಗಸಮವಲ್ಲ. ಮೊದಲನೆಯವರ ಕ್ರಮವನ್ನೇ ಮತ್ತೆ ಮಾಡಿಸಿದರೆ ೩೬, ೩೦, ೩೦. ಮತ್ತೊಮ್ಮೆ: ೩೩, ೩೧.೫, ೩೧.೫. ಮೂವರಿಗೂ ನ್ಯಾಯವಾಗಿ ಸಲ್ಲಬೇಕಾದುದು ೩೨. ಹಿರಿಯನ ಹೆಚ್ಚಳ ೧೬, ೪, ೧, ಕಾಲು, ಹೀಗೆ ಪ್ರತಿಸಲ ನಾಲ್ಕನೆಯ ಒಂದಂಶಕ್ಕೆ ಇಳಿಯುತ್ತ ಹೋಗುತ್ತದೆ. ಎಷ್ಟು ಸಲ ಮಾಡಿದರೂ ಪೂರ್ತಿ ಸೊನ್ನೆಯಾಗುವುದಿಲ್ಲ. ನಾಲ್ವರಿದ್ದು ಮೊದಲಿಬ್ಬರು ಒಂದು ಜೋಡಿ, ಕೊನೆಯಿಬ್ಬರು ಒಂದು ಜೋಡಿಯಾಗಿದ್ದರೆ ಈ ತಕರಾರೇ ಇಲ್ಲ; ಯಾರು ಮೊದಲಾದರೂ ಒಂದೇ. ತಕರಾರು ಹುಟ್ಟುವುದು ನಡುವಿನವನು ಎರಡೂ ಕಡೆ ಸೇರಿರುವುದರಿಂದ. ಈ ಗಡಿನಾಡಿನಲ್ಲಿ ಬಾಳುವ ನಮಗೆ ನಡುವಿನವನ ಕಷ್ಟವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆರು ಅದಲುಬದಲುಗಳನ್ನೂ ಕೂಡಿಸಿ ಆರರಿಂದ ಭಾಗಿಸಿದರೆ ಒಂದೇ ಏಟಿಗೆ ಮೂವರಿಗೂ ೩೨ ಬರುತ್ತದೆ. ಇದು ಯಾವ ಕ್ರಮಕ್ಕೂ ಜಗ್ಗದ ವರ್ಗಸಮ. ಮುಂದಿಟ್ಟರೂ ಹಿಂದಿಟ್ಟರೂ ಸಮ. ಇಂಥದೇ ಎರಡನೆಯದೊಂದು ಇದೆ. ಅದಲುಬದಲುಗಳಲ್ಲಿ ಮೂರಕ್ಕೆ ಧನ ಚಿಹ್ನೆ, ಮೂರಕ್ಕೆ ಋಣ ಚಿಹ್ನೆ ಹಾಕಿ ಆರರಿಂದ ಭಾಗಿಸಿದುದು. ಅಡಿಕೆಯ ಮೇಲೆ ಅದು ಸೊನ್ನೆಯನ್ನೇ ಕೊಡುತ್ತದೆ, ಕಮಲದ ಆರು ರೂಪಗಳ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಇವೆರಡನ್ನು ಕಳೆದು ಉಳಿದುದು ಮೂರನೆಯ ವರ್ಗಸಮ. ಅದು ಸರಾಸರಿಯಿಂದ ಯಾರು ಎಷ್ಟು ದೂರವೆಂಬುದನ್ನು ಹಿಡಿಯುತ್ತದೆ. ನಮ್ಮ ಲೆಕ್ಕದಲ್ಲಿ: ೩೨, ೦, ಋಣ ೩೨.

ಈ ಮೂರನೆಯದರಲ್ಲಿ ಕೂಟದ ಗುಟ್ಟೆಲ್ಲ ಅಡಗಿದೆ. ಇದನ್ನು ಇನ್ನೂ ಎರಡಾಗಿ ಒಡೆಯಬಹುದು. ಮೊದಲಿಬ್ಬರ ಸಾಮ್ಯ, ವ್ಯತ್ಯಾಸಗಳನ್ನು ಹಿಡಿದು ಒಡೆದರೆ ಒಂದು ತುಂಡು ೧೬, ೧೬, ಋಣ ೩೨. ಇನ್ನೊಂದು ೧೬, ಋಣ ೧೬, ೦. ಕೊನೆಯಿಬ್ಬರನ್ನು ಹಿಡಿದು ಒಡೆದರೆ ೩೨, ಋಣ ೧೬, ಋಣ ೧೬; ಮತ್ತು ೦, ೧೬, ಋಣ ೧೬. ಎರಡು ಬಗೆಯೂ ಸರಿ. ಇದೇ ಮೊದಲು, ಇದೇ ಮೇಲು ಎಂದು ಯಾವುದಕ್ಕೂ ಮಣೆ ಹಾಕುವಂತಿಲ್ಲ. ಕೂಟದ ಆರು ಅಂಶಗಳು ೧, ೧, ೪ ಎಂದು ಹಂಚಿಹೋಗುತ್ತವೆ; ಆ ನಾಲ್ಕು ಎಂದರೆ ಎರಡೆರಡಲ. ಆಬೆಲರ ಕೂಟಗಳಲ್ಲಾದರೆ, ಸಂಮಿಶ್ರ ಸಂಖ್ಯೆಗಳನ್ನು ಬಳಸಲು ಒಪ್ಪಿದರೆ, ಎಲ್ಲವೂ ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ. ಹಿಂದುಮುಂದು ಮಾಡಲಾಗದ ಕೂಟದಲ್ಲಿ ಮಾತ್ರ ಎರಡೆರಡಲದ, ಮೂರುಮೂರಲದ ಗಂಟುಗಳು ಉಳಿಯುತ್ತವೆ. ೧೮೯೬ರಲ್ಲಿ ಬರ್ಲಿನಿನ ಫ್ರೊಬೇನಿಯಸರು ಈ ಹಂಚಿಕೆಯ ಶಾಸ್ತ್ರಕ್ಕೆ ಅಡಿಗಲ್ಲಿಟ್ಟರು. ನಾಲ್ಕಕ್ಷರ, ಐದಕ್ಷರ, ಎಷ್ಟೇ ಅಕ್ಷರಗಳಿರಲಿ, ಅವುಗಳ ಅದಲುಬದಲಿನ ಕೂಟಕ್ಕೆ ವರ್ಗಸಮಗಳನ್ನು ಕಟ್ಟುವ ಬಗೆಯನ್ನು ೧೯೦೧ರಿಂದ ಬಂದ ಲೇಖನಮಾಲೆಯಲ್ಲಿ ತೋರಿಸಿದವರು ಆಲ್‌ಫ್ರೆಡ್ ಯಂಗ್. ೧೯೧೦ರಿಂದ ೧೯೪೦ರಲ್ಲಿ ತೀರಿಕೊಳ್ಳುವವರೆಗೂ ಅವರು ಇಂಗ್ಲೆಂಡಿನ ಬರ್ಡ್‌ಬ್ರೂಕ್ ಎಂಬ ಹಳ್ಳಿಯ ಇಗರ್ಜಿಯ ಪಾದ್ರಿಗಳಾಗಿದ್ದರು. ಹಳ್ಳಿಯಲ್ಲಿ ಕುಳಿತವನಿಂದ ಏನಾದೀತು ಎನ್ನುವವರು ಈ ಪಾದ್ರಿಯನ್ನು ನೆನೆಯಬಹುದು.

"ಇದರಿಂದ ಹೊಟ್ಟೆ ತುಂಬುತ್ತದೆಯೇ?" ಎಂದು ನನ್ನ ಮನೆಯಾಕೆ ಒಳಗಿನಿಂದ ಕೇಳಿದಳು. ನ್ಯಾಯವಾದ ಪ್ರಶ್ನೆ. ರಬ್ಬರಿನ ಹಾಲು ಹೆಪ್ಪುಗಟ್ಟದಂತೆ ಬೆರೆಸುವ ಅಮೋನಿಯ ನಮ್ಮ ಕಡೆಯವರಿಗೆ ಪರಿಚಿತವಾದುದು. ಅದರ ಒಂದು ಅಣುವಿನಲ್ಲಿ ಒಂದು ನೈಟ್ರೊಜನ್, ಮೂರು ಜಲಜನಕ. ಆ ಮೂರು ಜಲಜನಕಗಳೇ ನಮ್ಮ ಮೂವರು ಅಣ್ಣತಮ್ಮಂದಿರು. ಅವುಗಳ ಕೂಟ ಕಮಲದ ಕೂಟವೇ. ಆ ಅಣು ಆರು ಬಗೆಯಲ್ಲಿ ಕಂಪಿಸಬಲ್ಲದು. ಆದರೆ ಅಳೆದು ನೋಡಿದರೆ ಕೇಳಿಬರುವ ಸ್ವರಗಳು ನಾಲ್ಕೇ! ವರ್ಗಸಮಗಳೆಂಬ ಜರಡಿಗಳಲ್ಲಿ ಆ ಆರನ್ನು ಜಾಲಿಸಿದರೆ ಕಾರಣ ಸಿಗುತ್ತದೆ: ಎರಡು ಕಂಪನಗಳು ಒಂಟಿಯವು, ಉಳಿದ ನಾಲ್ಕು ಎರಡೆರಡರ ಜೋಡಿಗಳು. ಜೋಡಿಯಲ್ಲಿ ಎರಡಕ್ಕೂ ಒಂದೇ ಸ್ವರ. ಮೇಲೆ ಹೇಳಿದ, ಯಾವುದಕ್ಕೂ ಮಣೆ ಹಾಕಲಾಗದ ಎರಡು ತುಂಡುಗಳೇ ಇಲ್ಲಿ ಒಂದೇ ಸ್ವರದಲ್ಲಿ ಹಾಡುತ್ತಿವೆ. ಚಂದ್ರಶೇಖರ ವೆಂಕಟ ರಾಮನ್ನರು ೧೯೨೮ರಲ್ಲಿ ಕಂಡುಹಿಡಿದು ಹೆಸರಾದ ಬೆಳಕಿನ ಪರಿಣಾಮದಿಂದ ಇಂಥ ಕಂಪನಗಳನ್ನು ಅಳೆಯುವುದು ಸಾಧ್ಯವಾಯಿತು. ೧೯೩೩ರಲ್ಲಿ ಅವರು ಬೆಂಗಳೂರಿಗೆ ಬಂದರು. ಅವರ ಶಿಷ್ಯರಾದ ಸೂರಿ ಭಗವಂತಂ ಅವರು ವೆಂಕಟರಾಯುಡು ಅವರೊಡನೆ ಸೇರಿ ಕೂಟಶಾಸ್ತ್ರವನ್ನು ಭೌತವಿಜ್ಞಾನಕ್ಕೆ ಹೊಂದಿಸಿ ತೋರಿಸುವ ಗ್ರಂಥವನ್ನು ೧೯೪೮ರಲ್ಲಿ ಪ್ರಕಟಿಸಿದರು. ಇದೇ ಭಗವಂತಂ ೧೯೫೭ರಿಂದ ೧೯೬೨ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು.

ಅದೇ ಸಂಸ್ಥೆಗೆ ೧೯೪೩ರಲ್ಲಿ ಕಾನ್ಪುರದ ಕಡೆಯ ಇಪ್ಪತ್ತರ ತರುಣರೊಬ್ಬರು ಹೋಮಿ ಭಾಭಾ ಅವರ ಬಳಿ ಕೆಲಸ ಮಾಡಲು ಬಂದರು. ಹರೀಶ್‌ಚಂದ್ರ ಎಂದು ಅವರ ಹೆಸರು. ಎಲೆಕ್ಟ್ರಾನಿನ ನಡತೆಯನ್ನು ವಿವರಿಸಲು ಡಿರಾಕ್ ಎಂಬವರು ತಂದ ನಾಲ್ಕು ಮಾತೃಕೆಗಳ ಬೀಜಗಣಿತದ ಮೇಲೆ ಅವರು ಬರೆದ ಲೇಖನ ೧೯೪೫ರಲ್ಲಿ ಬೆಂಗಳೂರಿನ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂತು. ಆ ಮಾತೃಕೆಗಳಲ್ಲಿ ಯಾವ ಎರಡನ್ನು ಹಿಂದುಮುಂದು ಮಾಡಿ ಗುಣಿಸಿದರೂ ಚಿಹ್ನೆ ತಲೆಕೆಳಗಾಗುತ್ತದೆ. ಅವುಗಳಿಂದ ಹುಟ್ಟುವ ಕೂಟದ ಅಂಶಗಳು ೩೨. ಅದರ ಬೀಜಗಣಿತ ಹದಿನಾರು ಒಂದುಗಳಾಗಿ ಮತ್ತು ನಾಲ್ಕುನಾಲ್ಕಲದ ಒಂದು ದೊಡ್ಡ ಗಂಟಾಗಿ ಬೇರ್ಪಡುತ್ತದೆ. ಆ ಗಂಟೇ ಡಿರಾಕರಿಗೆ ಬೇಕಾದುದು. 'ಏನೂ ಮಾಡದಿರುವುದ'ರಿಂದ 'ಚಿಹ್ನೆ ತಿರುಗಿಸುವುದ'ನ್ನು ಕಳೆದು ಅರ್ಧ ಮಾಡಿದರೆ ಅದನ್ನು ಬಸಿದು ಕೊಡುವ ವರ್ಗಸಮ ದೊರೆಯುತ್ತದೆ. ಇಬ್ಬರು ಅಣ್ಣತಮ್ಮಂದಿರ ಎರಡನೆಯ ಜರಡಿಯ ಅಚ್ಚೇ! ಹರೀಶ್‌ಚಂದ್ರರು ಮುಂದೆ ಭೌತವಿಜ್ಞಾನವನ್ನು ಬಿಟ್ಟು ಕೂಟಗಳ ಗಣಿತಕ್ಕೇ ಬಾಳನ್ನು ಮುಡಿಪಿಟ್ಟು, ೧೯೮೩ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ತೀರಿಕೊಂಡರು.

ಇಷ್ಟೂ ಹೊತ್ತು ನಾನು ಅರ್ಧ, ಆರರಲ್ಲೊಂದು ಎಂದು ಭಾಗಿಸುತ್ತ ಬಂದುದನ್ನು ಜಾಣರು ಗಮನಿಸಿರಬೇಕು. ಭಾಗಾಕಾರವೇ ಬೇಡ, ಪೂರ್ಣಾಂಕಗಳಷ್ಟೇ ಸಾಕು ಎಂದು ಹಟ ಹಿಡಿದರೆ, ಎಣಿಕೆಗೆ ಮುಗಿಯುವ ಯಾವ ಕೂಟದಲ್ಲಿಯೂ ಸೊನ್ನೆ ಮತ್ತು ಒಂದನ್ನು ಬಿಟ್ಟು ವರ್ಗಸಮವೇ ಸಿಗುವುದಿಲ್ಲ. ಹಂಚಲು ಒಪ್ಪದವನಿಗೆ ಜರಡಿಯೂ ಇಲ್ಲ. ಎಣಿಕೆಗೆ ಮುಗಿಯದ ಕೂಟಗಳ ಕಥೆ ಇನ್ನೂ ಗಹನ. ಎಷ್ಟು ಸಲ ಮಾಡಿದರೂ ಮೊದಲಿನ ಸ್ಥಿತಿಗೆ ಮರಳದ ಕ್ರಿಯೆಗಳೇ ತುಂಬಿದ ಕೂಟಗಳಿವೆ. ಅವುಗಳಲ್ಲಿ, ಭಾಗಾಕಾರಕ್ಕೆ ಒಪ್ಪಿದರೂ, ಸೊನ್ನೆ ಒಂದುಗಳ ಹೊರತು ವರ್ಗಸಮವಿರಲಾರದೆಂದು ಇರ್ವಿಂಗ್ ಕಪ್ಲಾನ್ಸ್ಕಿ ಎಂಬವರ ಹೆಸರಿನ ಊಹೆಯೊಂದಿದೆ. ಅದರ ಜೊತೆಗೇ ಹೇಳಲಾಗುತ್ತಿದ್ದ ಇನ್ನೊಂದು ಊಹೆಯನ್ನು ೨೦೨೧ರಲ್ಲಿ ಜೈಲ್ಸ್ ಗಾರ್ಡಂ ಎಂಬವರು ಹುಸಿಯೆಂದು ತೋರಿಸಿದರು. ವರ್ಗಸಮದ ಊಹೆ ಮಾತ್ರ ನಿಜವೋ ಸುಳ್ಳೋ ಲೋಕದಲ್ಲಿ ಯಾರಿಗೂ ಇನ್ನೂ ತಿಳಿದಿಲ್ಲ. ನನ್ನ ಶಿಷ್ಯ ಕೆಲಸ ಮಾಡುತ್ತಿರುವುದು ಈ ಪ್ರಶ್ನೆಯ ನೆರೆಕರೆಯಲ್ಲಿ.

ಈ ಸಭೆಯಲ್ಲಿ ತಾಯಿತಂದೆಯರು ಬಹಳ ಮಂದಿ ಇದ್ದೀರಿ. ಶಾಲೆಗೆ ಮಕ್ಕಳನ್ನು ಸೇರಿಸುವ ಕಾಲಕ್ಕೆ ನನ್ನನ್ನು ಕೇಳುತ್ತೀರಿ: ಕನ್ನಡದಲ್ಲಿ ಓದಿದರೆ ಮುಂದೆ ದೊಡ್ಡ ವಿದ್ಯೆಗೆ ತೊಂದರೆಯಾಗದೇ, ಮಾಷ್ಟ್ರೇ? ಇಷ್ಟು ವರ್ಷ ನಾನು ಭಾಷಾಭಿಮಾನದ ಮಾತುಗಳಿಂದ ಉತ್ತರ ಕೊಡುತ್ತ ಬಂದೆ. ತೊಂದರೆಯಾಗುತ್ತದೆ. ಆ ಹುಡುಗನಿಗೆ ಆಯಿತು. ಮೊದಲ ವರ್ಷದಲ್ಲಿ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು, ಬಲ್ಲ ವಿಷಯವನ್ನೂ ಬಲ್ಲೆನೆಂದು ಹೇಳಲಾಗದೆ ಒದ್ದಾಡಿದನು. ಅದರಲ್ಲಿ ಒಂದಂಶ ಇಂಗ್ಲಿಷಿನದು; ಇನ್ನೊಂದಂಶ, ಪಟ್ಟಿಯನ್ನು ಓದದೆ ಹಿಂದಿರುಗಿಸಿದ ಕನ್ನಡ ಪಂಡಿತನದು. "ಕಮಲ, ಕಲಮ ಎಂದು ಅಂದೇ ಯಾರಾದರೂ ಹೇಳಿದ್ದರೆ ಒಂದು ವರ್ಷ ಉಳಿಯುತ್ತಿತ್ತು" ಎಂದು ಅವನು ಸಹಜವಾಗಿ ಹೇಳಿದನು. ದೂರಿ ಹೇಳಿದುದಲ್ಲ.

ಆ ಹಳೆಯ ಪಟ್ಟಿ ಅವನಲ್ಲಿ ಇನ್ನೂ ಇತ್ತು. ಹೋಗುವ ಮುನ್ನ ತಂದು ಕೊಟ್ಟನು, ನಲವತ್ತೊಂದು ಶಬ್ದಗಳಿವೆ. ಇದುವರೆಗೆ ಹದಿನಾಲ್ಕಕ್ಕೆ ಕನ್ನಡ ಬರೆದು ಕಳುಹಿಸಿದ್ದೇನೆ. ಒಂಬತ್ತನ್ನು ಅವನು ಒಪ್ಪಿದ್ದಾನೆ, ಮೂರನ್ನು ಹಿಂದಿರುಗಿಸಿದ್ದಾನೆ, ಎರಡರ ಮೇಲೆ ವಾದ ನಡೆಯುತ್ತಿದೆ. ವಾದದಲ್ಲಿರುವ ಎರಡರಲ್ಲಿ ಒಂದು, ಇನ್ನು ಒಡೆಯಲಾರದಷ್ಟು ಸಣ್ಣದಾದ ವರ್ಗಸಮಕ್ಕೆ ಹೇಳುವ ಪದ. ನಾನು 'ಮೂಲ ವರ್ಗಸಮ' ಎಂದೆ. ಮೂಲವೆಂದರೆ ವರ್ಗಮೂಲವೆಂದು ಮಕ್ಕಳು ತಿಳಿದಾರೆಂದು ಅವನ ಆಕ್ಷೇಪ. 'ಬಿಡಿ ವರ್ಗಸಮ' ಎಂದರೆ ಹೇಗೆ ಎಂದು ಮೊನ್ನೆ ಬರೆದಿದ್ದೇನೆ. ತಮ್ಮಲ್ಲಿ ಯಾರಿಗಾದರೂ ಇದಕ್ಕಿಂತ ಒಳ್ಳೆಯ ಮಾತು ಹೊಳೆದರೆ ಶಾಲೆಯ ಕಡೆಗೆ ಬಂದಾಗ ತಿಳಿಸಬೇಕಾಗಿ ಬೇಡಿಕೊಳ್ಳುತ್ತೇನೆ.